ವೈನ್ ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಇಡಲು ಬಿಡಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಯಾರಾದರೂ ಮನೆಗೆ ವೈನ್ ಕ್ಯಾಬಿನೆಟ್ (ವೈನ್ ಬಾಟಲಿಗಳನ್ನು ತಂಪಾಗಿಡುವ ಫ್ರಿಜ್) ತರುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಡಬ್ಬದ ಮೇಲೆ 'ತೇವಾಂಶ ನಿಯಂತ್ರಣ' ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಅಣ್ಣ ನಾಸಿಕ್‌ನಿಂದ ಆಸೆಪಟ್ಟು ತಂದಿದ್ದ ಬಾಟಲಿಗಳು ನಮ್ಮ ಮನೆಯಲ್ಲಿ ಹಾಳಾಗಿ ಹೋದವು.

ಕ್ಯಾಬಿನೆಟ್ ಕೊಂಡಿದ್ದು ದಾವಣಗೆರೆಯದೇ ಒಂದು ಅಂಗಡಿಯಲ್ಲಿ. ಮಳೆಗಾಲದಲ್ಲಿ ಗಾಜಿನ ಬಾಗಿಲ ಹೊರಮೈಗೆ ನೀರಿನ ಹನಿ ಕಟ್ಟುತ್ತಿತ್ತು. ಬಂದ ಮೆಕ್ಯಾನಿಕ್ "ಒಳಗೆ ತೇವ ಜಾಸ್ತಿ ಆಗಿದೆ ಸಾರ್" ಅಂತ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ತುರುಕಿ, "ಇವನ್ನ ತೆಗೀಬೇಡಿ" ಎಂದು ಹೇಳಿ ಹೋದರು. ಹನಿ ಕಟ್ಟಿದ್ದು ಹೊರಗಡೆ! ಗಾಜು ತಣ್ಣಗಿತ್ತು, ಹೊರಗಿನ ಗಾಳಿಯಲ್ಲಿ ತೇವ ಇತ್ತು, ಅಷ್ಟೇ. ಒಳಗಿನ ತೇವಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಆಮೇಲೆ ಬೇಸಿಗೆ ಬಂತು. ನಮ್ಮ ಕಡೆಯ ಏಪ್ರಿಲ್ ಬಿಸಿಲು, ಒಣಗಾಳಿ ನಿಮಗೆ ಗೊತ್ತೇ ಇದೆ. ಕಂಪ್ರೆಸರ್ ಓಡುವಾಗ ಒಳಗಿನ ತೇವ ತಣ್ಣನೆ ಕಾಯಿಲ್ ಮೇಲೆ ನೀರಾಗಿ ಹಿಂದಿನ ಪೈಪಿನಿಂದ ಹರಿದುಹೋಗುತ್ತದೆ. ಉಳಿದದ್ದನ್ನು ಸಿಲಿಕಾ ಜೆಲ್ ಹೀರಿತು. ವೈನ್‌ಗೆ 12ರಿಂದ 14 ಡಿಗ್ರಿ ತಂಪು ಇದ್ದರೆ ಸಾಲದು, ಶೇಕಡಾ 50ರಿಂದ 70ರಷ್ಟು ತೇವಾಂಶವೂ ಬೇಕು. ತೇವಾಂಶ ಅಳೆಯುವ ಹೈಗ್ರೋಮೀಟರ್ ಬೇರೆ ತಂದು ಒಳಗಿಟ್ಟರೆ 30ಕ್ಕಿಂತ ಕಡಿಮೆ ತೋರಿಸಿತು. ಕ್ಯಾಬಿನೆಟ್ಟಿನಲ್ಲಿ ತೇವ ಅಳೆಯುವ ಸೆನ್ಸರೇ ಇರಲಿಲ್ಲ.

ಅಷ್ಟರಲ್ಲಿ ಕಾರ್ಕ್‌ಗಳು ಒಣಗಿ ಕುಗ್ಗಿ, ಬಾಟಲಿಯೊಳಗೆ ಗಾಳಿ ಹೋಗಿಯಾಗಿತ್ತು. ನಿಲ್ಲಿಸಿಟ್ಟಿದ್ದ ಬಾಟಲಿಗಳಿಗೇ ಹೆಚ್ಚು ಪೆಟ್ಟು. ಕಾರ್ಕ್‌ಸ್ಕ್ರೂ ಚುಚ್ಚಿದರೆ ಕಾರ್ಕ್ ಪುಡಿಪುಡಿ. ಕೆಂಪು ವೈನ್ ಕಂದಾಗಿತ್ತು, ಹೆಚ್ಚಿಟ್ಟು ಮರೆತ ಸೇಬಿನಂಥ ವಾಸನೆ. ಮಲಗಿಸಿಟ್ಟವು ಬಹುಪಾಲು ಉಳಿದವು, ವೈನ್ ತಾಗಿ ಕಾರ್ಕ್ ಹಸಿಯಾಗಿರುತ್ತದಲ್ವಾ. ತಿರುಗಿಸುವ ಮುಚ್ಚಳದ ಬಾಟಲಿಗಳಿಗೆ ಏನೂ ಆಗಲಿಲ್ಲ. ಅಂಗಡಿಯವರು "ಕಾರ್ಕೇ ಕಳಪೆ" ಎಂದುಬಿಟ್ಟರು. ಅಷ್ಟೂ ಕಾರ್ಕ್ ಒಟ್ಟಿಗೆ ಕಳಪೆಯಾಗುತ್ತವಾ?

ಕೊಳ್ಳುವ ಮುಂಚೆ ತೇವದ ಸೆನ್ಸರ್ ಎಲ್ಲಿದೆ, ಒಳಗೆ ತೇವ ಉಳಿಯಲು ನಾವು ನೀರು ಹಾಕುವ ಟ್ರೇ ಎಲ್ಲಿದೆ ಎಂದು ತೋರಿಸಲು ಹೇಳಿ. ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕಂಪ್ರೆಸರ್ ಇಲ್ಲದ ಸಣ್ಣ ಮಾಡೆಲ್‌ಗಳು ನಮ್ಮ ಬೇಸಿಗೆಗೆ ಸುಮ್ನೆ ದಂಡ. ಹೈಗ್ರೋಮೀಟರನ್ನೂ ಪರೀಕ್ಷಿಸಿ: ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆಯಾಗುವಷ್ಟು ನೀರು ಹನಿಸಿ, ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಬಿಡಿ. 75ರ ಹತ್ತಿರ ತೋರಿಸಬೇಕು. ಈಗಾಗಲೇ ಕ್ಯಾಬಿನೆಟ್ ಇದ್ದವರು ಬೇಸಿಗೆಯಲ್ಲಿ ಒಳಗೆ ಒಂದು ಬಟ್ಟಲು ನೀರು, ಅದರಲ್ಲಿ ಸ್ಪಾಂಜ್ ಇಡಿ. ಮಳೆಗಾಲದಲ್ಲಿ 70 ದಾಟಿದರೆ ತೆಗೆದುಬಿಡಿ, ಇಲ್ಲದಿದ್ದರೆ ಲೇಬಲ್ಲಿಗೆ ಬೂಷ್ಟು ಹಿಡಿಯುತ್ತದೆ.

ಅಂಗಡಿಯವರು ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಾವೂ ಅಲ್ಲಿ ದೂರು ಕೊಟ್ಟಿದ್ದೇವೆ.