ಪ್ರಿಡೇಟರ್‌ನ ಮೂರು ಡಿಸ್ಕ್: 2008, 2010, 2018

1987ರ ‘ಪ್ರಿಡೇಟರ್’ ಸಿನಿಮಾದ ಡಿಸ್ಕ್ ಕೊಳ್ಳಲು ಹೊರಟರೆ ಮುಖ್ಯವಾಗಿ ಮೂರು ಎದುರಾಗುತ್ತವೆ: 2008ರ ಮೊದಲ ಬ್ಲೂ-ರೇ, 2010ರ ‘ಅಲ್ಟಿಮೇಟ್ ಹಂಟರ್ ಎಡಿಷನ್’ ಬ್ಲೂ-ರೇ, 2018ರ 4ಕೆ ಅಲ್ಟ್ರಾ ಎಚ್‌ಡಿ. ಹೊಸದಾದಷ್ಟೂ ಚೆನ್ನ ಅನ್ನುವ ಲೆಕ್ಕ ಇಲ್ಲಿ ನಡುದಾರಿಯಲ್ಲೇ ಮುಗ್ಗರಿಸುತ್ತದೆ. ಒಂದೇ ಟಿವಿಯಲ್ಲಿ ಒಂದಾದ ಮೇಲೊಂದು ಹಾಕಿ ನೋಡಿದರೆ ಚಿತ್ರದ ಗುಣದಲ್ಲಿ ಮೊದಲ ಸ್ಥಾನ 2018ಕ್ಕೆ, ಆಮೇಲೆ 2008, ಕೊನೆಗೆ 2010.

ಮೊದಲು ಟಿವಿಯನ್ನು ದಾರಿಗೆ ತರಬೇಕು, ಇಲ್ಲವಾದರೆ ಡಿಸ್ಕಿನ ತಪ್ಪು ಯಾವುದು, ಟಿವಿಯ ತಪ್ಪು ಯಾವುದು ಗೊತ್ತಾಗುವುದಿಲ್ಲ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಸಿನಿಮಾ ಮೋಡ್. ಚಿತ್ರದ ಚುಕ್ಕೆಗಳನ್ನು ಒರೆಸುವ ನಾಯ್ಸ್ ರಿಡಕ್ಷನ್ ಟಿವಿ, ಪ್ಲೇಯರ್ ಎರಡರಲ್ಲೂ ಆಫ್ ಆಗಿರಬೇಕು. ಪ್ಲೇಯರಿನ ಮೆನುವಿನಲ್ಲಿ ಅಡಗಿ ಕೂತಿರುವುದನ್ನು ಹೆಚ್ಚಿನವರು ಮರೆಯುತ್ತಾರೆ. ಚಲನೆಯನ್ನು ಕೃತಕವಾಗಿ ನುಣ್ಣಗಾಗಿಸುವ ಮೋಷನ್ ಸ್ಮೂದಿಂಗ್ ಆಫ್. ಷಾರ್ಪ್‌ನೆಸ್ ಬಹುತೇಕ ಟಿವಿಗಳಲ್ಲಿ 0 ಇಡಬೇಕು. ಸೋನಿ ಬ್ರಾವಿಯಾದಲ್ಲಿ ಮಾತ್ರ 50 ಅನ್ನುವುದೇ ತಟಸ್ಥ, ಅಲ್ಲಿ 0 ಇಟ್ಟರೆ ಚಿತ್ರ ಮಬ್ಬಾಗುತ್ತದೆ. 55 ಇಂಚಿನ ಪರದೆಯ ಎತ್ತರ ಸುಮಾರು 27 ಇಂಚು. ಬ್ಲೂ-ರೇಯ ಕುಸುರಿ ಅಳೆಯಲು ಎತ್ತರದ ಮೂರು ಪಟ್ಟು, ಅಂದರೆ ಏಳು ಅಡಿಯೊಳಗೆ ಕೂರಬೇಕು. 4ಕೆಗೆ ಅದರ ಅರ್ಧ. ಹಾಲಿನ ಆ ಮೂಲೆಯ ಸೋಫಾದಲ್ಲಿ ಕೂತು ‘ಎರಡೂ ಒಂದೇ ಥರ ಕಾಣುತ್ತವಲ್ಲ’ ಅಂದರೆ ಅದು ಡಿಸ್ಕಿನ ತಪ್ಪಲ್ಲ.

ಈ ಸಿನಿಮಾದ ಮೂಲವೇ ಒರಟು, ಅದು ತಿಳಿದಿರಬೇಕು. ಜಾನ್ ಮೆಕ್‌ಟಿಯರ್‌ನನ್ ನಿರ್ದೇಶನ, ಡೊನಾಲ್ಡ್ ಮೆಕಾಲ್ಪೈನ್ ಛಾಯಾಗ್ರಹಣ, ಚಿತ್ರೀಕರಣ ಮೆಕ್ಸಿಕೊದ ಕಾಡಿನಲ್ಲಿ. ಮರಗಳ ಕೆಳಗೆ ಬೆಳಕು ಕಡಿಮೆ. ಬೆಳಕು ಕಡಿಮೆಯಿದ್ದಲ್ಲಿ ವೇಗದ ಫಿಲ್ಮ್ ಬೇಕು, ವೇಗದ ಫಿಲ್ಮಿನಲ್ಲಿ ಬೆಳ್ಳಿ ಲವಣದ ಹರಳುಗಳು ದೊಡ್ಡವು, ಹಾಗಾಗಿ ಪರದೆಯ ಮೇಲೆ ಗ್ರೇನ್, ಅಂದರೆ ಫಿಲ್ಮಿನ ಸಹಜ ಚುಕ್ಕೆಗಳು, ಎದ್ದು ಕಾಣುತ್ತದೆ. ಇದರ ಮೇಲೆ ಆಪ್ಟಿಕಲ್ ಶಾಟ್‌ಗಳ, ಅಂದರೆ ಹಲವು ಚಿತ್ರಗಳನ್ನು ಫಿಲ್ಮಿನಲ್ಲೇ ಜೋಡಿಸಿದ ಶಾಟ್‌ಗಳ ಹೊರೆ. ಸೈನಿಕರನ್ನು ಬೇಟೆಯಾಡುವ ಅನ್ಯಗ್ರಹದ ಪ್ರಾಣಿ ಅದೃಶ್ಯವಾಗಿ ಓಡುವ ದೃಶ್ಯಕ್ಕೆ ನಟನಿಗೆ ಕೆಂಪು ಉಡುಪು ತೊಡಿಸಿ ಚಿತ್ರೀಕರಿಸಿದರು. ಹಸಿರು ಕಾಡಿನಲ್ಲೂ ನೀಲಿ ಆಕಾಶದಲ್ಲೂ ಬೇರೆಯಾಗಿ ಕಾಣುವ ಬಣ್ಣ ಕೆಂಪು. ಆಮೇಲೆ ಅದೇ ಜಾಗವನ್ನು ನಟನಿಲ್ಲದೆ ಸುಮಾರು 30 ಶೇಕಡಾ ಅಗಲದ ಲೆನ್ಸಿನಲ್ಲಿ ಮತ್ತೆ ತೆಗೆದು, ಖಾಲಿ ಮಾಡಿದ ಮನುಷ್ಯಾಕಾರದೊಳಗೆ ಆ ಕಾಡನ್ನು ತುಂಬಿದರು. ಇಷ್ಟೆಲ್ಲ ನಡೆದದ್ದು ಫಿಲ್ಮಿನಿಂದ ಫಿಲ್ಮಿಗೆ ನಕಲು ತೆಗೆಯುತ್ತ. ಪ್ರತಿ ನಕಲಿಗೂ ಗ್ರೇನ್ ಒಂದು ಪದರ ಹೆಚ್ಚಾಯಿತು. ಅದಕ್ಕೇ ಆ ಶಾಟ್ ಬಂದಾಗ ಚಿತ್ರ ಥಟ್ಟನೆ ಒರಟಾಗುತ್ತದೆ. ಹಾಗೆ ಒರಟಾಗದಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದೇ ತಿಳಿಯಬೇಕು.

2008ರ ಡಿಸ್ಕಿನಲ್ಲಿ ಯಾರೂ ಕೈಯಾಡಿಸಿಲ್ಲ, ಆದರೆ ಜಾಗ ಸಾಲದು. ವಿಡಿಯೊವನ್ನು ಕುಗ್ಗಿಸಿ ಡಿಸ್ಕಿಗೆ ತುಂಬುವ ವಿಧಾನ, ಅಂದರೆ ಕೋಡೆಕ್, ಹಳೆಯ ಎಂಪೆಗ್-2; ಒಂದೇ ಪದರದ 25 ಜಿಬಿ ಡಿಸ್ಕ್. 107 ನಿಮಿಷದ ಸಿನಿಮಾಗೆ ಭಾಗಿಸಿ ನೋಡಿ: ಡಿಸ್ಕ್ ಪೂರ್ತಿ ತುಂಬಿದರೂ ಚಿತ್ರ, ಧ್ವನಿ ಎಲ್ಲ ಸೇರಿ ಸರಾಸರಿ ಸೆಕೆಂಡಿಗೆ 31 ಮೆಗಾಬಿಟ್ ದಾಟುವಂತಿಲ್ಲ. ಗ್ರೇನ್ ಪ್ರತಿ ಫ್ರೇಮಿನಲ್ಲೂ ಹೊಸದು, ಹಿಂದಿನ ಫ್ರೇಮಿನಿಂದ ಎರವಲು ತರಲಾಗದು, ಆದ್ದರಿಂದ ಕೋಡೆಕ್ಕಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ಸೈನಿಕರ ಇಡೀ ತಂಡ ಕಾಣದ ಶತ್ರುವಿನತ್ತ ಗುಂಡು ಸುರಿಸಿ ಕಾಡನ್ನೇ ಬೋಳಿಸುವ ದೃಶ್ಯ ಹಾಕಿ. ಎಲೆ, ಹೊಗೆ, ಚೂರು ಎಲ್ಲ ಒಮ್ಮೆಗೇ ಹಾರುವಾಗ ಹೊಗೆಯೊಳಗೆ ಚೌಕಚೌಕ ಕಾಣಿಸಿಕೊಳ್ಳುತ್ತವೆ. ರಾತ್ರಿಯ ಕತ್ತಲೂ ಅಲ್ಲಲ್ಲಿ ಕಲಸಿಹೋಗುತ್ತದೆ. ಆದರೂ ಮುಖ ಮುಖವಾಗಿದೆ. ತಂಡದ ನಾಯಕ ಡಚ್ ಮತ್ತು ಅವನ ಹಳೆಯ ಗೆಳೆಯ ಡಿಲನ್ ಗಾಳಿಯಲ್ಲೇ ಕೈ ಹಿಡಿದು ಬಲ ತೂಗುವ ಹತ್ತಿರದ ಶಾಟಿನಲ್ಲಿ ಗ್ರೇನಿನ ಹಿಂದೆ ಚರ್ಮದ ರಂಧ್ರ, ಬೆವರು, ಉಬ್ಬಿದ ನರ ಎಲ್ಲ ಇವೆ.

2010ರ ಡಿಸ್ಕ್ ಕಾಗದದ ಮೇಲೆ ಎಲ್ಲದರಲ್ಲೂ ಮುಂದು: ಹೊಸ ಎವಿಸಿ ಕೋಡೆಕ್, 50 ಜಿಬಿ. ‘ಪ್ರಿಡೇಟರ್ಸ್’ ಎಂಬ ಹೊಸ ಸಿನಿಮಾ ತೆರೆಗೆ ಬರುವ ಹೊತ್ತಿಗೆ ಅಂಗಡಿಗೆ ಬಂದದ್ದು. ಹಳೆಯ ಡಿಸ್ಕಿನಲ್ಲಿ ಬರೀ ಚುಕ್ಕೆ ಅನ್ನುವ ದೂರಿತ್ತು. ಅದಕ್ಕೆ ಮಾಡಿದ ಮದ್ದು, ನೆಗಡಿಯಾಯಿತೆಂದು ಮೂಗನ್ನೇ ಕೊಯ್ದ ಹಾಗೆ. ನಾಯ್ಸ್ ರಿಡಕ್ಷನ್ ಸಾಫ್ಟ್‌ವೇರ್ ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸಿ, ಬದಲಾಗುತ್ತಿರುವ ಸಣ್ಣ ಚುಕ್ಕೆಗಳನ್ನೆಲ್ಲ ಕಸವೆಂದು ಸರಾಸರಿ ಮಾಡುತ್ತದೆ. ಆದರೆ ಗಡ್ಡದ ಮೊಳಕೆ, ರಂಧ್ರ, ಎಲೆಯ ನರ, ಬಟ್ಟೆಯ ನೇಯ್ಗೆ ಇವೂ ಅಷ್ಟೇ ಸಣ್ಣವು. ಕಸದ ಜೊತೆ ಅವೂ ಹೋದವು. ಕೈ ತೂಗುವ ಅದೇ ಶಾಟಿನಲ್ಲಿ ಬೆವರ ಹನಿ ಹೊಳೆಯುತ್ತದೆ, ಹನಿಯ ಪಕ್ಕದ ಚರ್ಮ ಮೇಣ. ತಂಡದ ಮ್ಯಾಕ್ ಒಣ ಕೆನ್ನೆಗೆ ರೇಜರ್ ಎಳೆಯುವಾಗ ಕೆನ್ನೆಯ ಒರಟೇ ಆ ದೃಶ್ಯದ ಜೀವ. ಇಲ್ಲಿ ಆತ ಪ್ಲಾಸ್ಟಿಕ್ ಬೊಂಬೆಗೆ ಕ್ಷೌರ ಮಾಡುತ್ತಾನೆ.

ಇದನ್ನು ಪತ್ತೆ ಹಚ್ಚುವ ಬಗೆ ಯಾವ ಡಿಸ್ಕಿಗೂ ಒಂದೇ. ಕ್ಯಾಮೆರಾ ಅಲುಗದ ಒಂದು ಶಾಟಿನಲ್ಲಿ ಪಾಸ್ ಮಾಡಿ, ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಸಿ. ಹಿನ್ನೆಲೆಯ ಗ್ರೇನ್ ಪ್ರತಿ ಹೆಜ್ಜೆಗೂ ಬದಲಾಗಬೇಕು. ಎರಡು ಮೂರು ಫ್ರೇಮ್ ಅದೇ ಮಾದರಿ ಅಂಟಿಕೊಂಡಿದ್ದರೆ, ಅಥವಾ ಮುಖ ತಿರುಗಿದಾಗ ಅದರ ಹಿಂದೆ ನೆರಳಿನಂಥ ಬಾಲ ಎಳೆದರೆ, ನಾಯ್ಸ್ ರಿಡಕ್ಷನ್ ಆಗಿದೆ. ಕಪ್ಪು ಅಂಚಿನ ಸುತ್ತ ಸಣ್ಣ ಬಿಳಿ ಗೆರೆ ಕಂಡರೆ, ನುಣ್ಣಗಾದ ಚಿತ್ರವನ್ನು ಆಮೇಲೆ ಕೃತಕವಾಗಿ ಚೂಪು ಮಾಡಿದ್ದಾರೆ ಎಂದರ್ಥ. ಕಟ್ ಆದ ಮೊದಲ ಒಂದೆರಡು ಫ್ರೇಮ್ ನೋಡಿ ತೀರ್ಪು ಕೊಡಬೇಡಿ. ಅಲ್ಲಿ ಒಳ್ಳೆಯ ಡಿಸ್ಕ್ ಕೂಡ ತುಸು ಮಂಕಾಗಿರುತ್ತದೆ.

2018ರ 4ಕೆ ಡಿಸ್ಕಿನಲ್ಲಿ ಗ್ರೇನ್ ವಾಪಸ್ ಬಂದಿದೆ. ಇದರ ದೊಡ್ಡ ಲಾಭ ಪಿಕ್ಸೆಲ್ ಲೆಕ್ಕವಲ್ಲ, ಹೆಚ್‌ಇವಿಸಿ ಕೋಡೆಕ್ಕಿಗೆ ಸಿಕ್ಕ ಉಸಿರು. 2008ರಲ್ಲಿ ಗ್ರೇನೂ ಚರ್ಮವೂ ಕಲಸಿದಂತಿದ್ದರೆ ಇಲ್ಲಿ ಗ್ರೇನ್ ಬೇರೆ, ರಂಧ್ರ ಬೇರೆ. ಬೆಳಕು, ಕತ್ತಲು, ಬಣ್ಣದ ವ್ಯಾಪ್ತಿ ಹಿಗ್ಗಿಸುವ ಎಚ್‌ಡಿಆರ್ ಕೆಲಸ ಮಾಡುವುದು ಕೆಲವೇ ಕಡೆ, ಆದರೆ ಸರಿಯಾದ ಕಡೆ: ಪ್ರಾಣಿಯ ಆಯುಧದ ಮೂರು ಕೆಂಪು ಚುಕ್ಕೆಯ ಗುರಿ, ಕೊನೆಯ ಕಾಳಗದ ಬೆಂಕಿ, ಎಲೆಯ ಮೇಲೆ ಬಿದ್ದ ಅದರ ಹಸಿರು ರಕ್ತ. ಆ ರಕ್ತ ಗ್ಲೋ ಸ್ಟಿಕ್ಕಿನ ದ್ರವಕ್ಕೆ ಜೆಲ್ಲಿ ಬೆರೆಸಿದ್ದು, ನಿಜವಾಗಿಯೂ ಹೊಳೆಯುತ್ತಿದ್ದದ್ದು. ಬ್ಲೂ-ರೇಯಲ್ಲಿ ಹಸಿರು ಬಣ್ಣದ ಹಾಗೆ ಕಾಣುತ್ತದೆ, ಇಲ್ಲಿ ಹಸಿರು ಬೆಳಕಿನ ಹಾಗೆ. ಪ್ರಾಣಿಯ ಕಣ್ಣಿಂದ ಕಾಣುವ ಶಾಖದ ದೃಶ್ಯಗಳು ಮಾತ್ರ ಸುಧಾರಿಸಿಲ್ಲ, ಸುಧಾರಿಸುವುದೂ ಇಲ್ಲ. ಅವುಗಳ ಮೂಲವೇ ಫಿಲ್ಮಲ್ಲ, ಕಡಿಮೆ ಕುಸುರಿಯ ಥರ್ಮಲ್ ವಿಡಿಯೊ ಸ್ಕ್ಯಾನರ್.

ಟಿವಿಯ ಗರಿಷ್ಠ ಬೆಳಕು 400 ನಿಟ್ಸ್‌ನೊಳಗಿದ್ದರೆ (ನಿಟ್ ಅಂದರೆ ಪರದೆಯ ಬೆಳಕಿನ ಅಳತೆ) ಕಾಡಿನ ದೃಶ್ಯಗಳು ಕತ್ತಲಾಗಿ ಕಾಣಬಹುದು. ಆಗ ಎಚ್‌ಡಿಆರನ್ನು ಮಾಮೂಲಿ ಬೆಳಕಿನ ವ್ಯಾಪ್ತಿಯ ಎಸ್‌ಡಿಆರ್‌ಗೆ ಬದಲಿಸುವ ಆಯ್ಕೆ ಪ್ಲೇಯರಿನಲ್ಲಿದ್ದರೆ ಅದನ್ನು ಹಾಕಿ. ಗ್ರೇನಿನ ಲಾಭ ಹಾಗೇ ಉಳಿಯುತ್ತದೆ. ಕೇಬಲ್ 18 ಗಿಗಾಬಿಟ್‌ನದ್ದಿರಲಿ, ಟಿವಿಯ ಆ ಎಚ್‌ಡಿಎಂಐ ಪೋರ್ಟಿಗೆ ಡೀಪ್ ಕಲರ್ ಅಥವಾ ಎನ್‌ಹ್ಯಾನ್ಸ್‌ಡ್ ಆನ್ ಮಾಡಿ. ಪಿಎಸ್4 ಪ್ರೊ 4ಕೆ ಡಿಸ್ಕ್ ಓದುವುದಿಲ್ಲ. ಡಿಸ್ಕ್ ಡ್ರೈವ್ ಇರುವ ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಓದುತ್ತವೆ.

ಧ್ವನಿಗಾಗಿ ಹೊಸದು ಕೊಳ್ಳುವ ಅಗತ್ಯವಿಲ್ಲ. ಮೂರರಲ್ಲೂ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ 5.1, 4ಕೆಯಲ್ಲೂ ತಲೆಯ ಮೇಲಿಂದಲೂ ಸದ್ದು ತರುವ ಆಟ್ಮಾಸ್ ಇಲ್ಲ.

ಗ್ರೇನ್ ಒರೆಸುವುದು ಹಳೆಯ ಕಾಲದ ಕಾಯಿಲೆ ಎಂದುಕೊಳ್ಳುವಂತಿಲ್ಲ. ‘ಟರ್ಮಿನೇಟರ್ 2’ರ 2017ರ 4ಕೆಯಲ್ಲೂ ಮೇಣ ಇದೆ. ‘ಏಲಿಯನ್ಸ್’ನ 2024ರ 4ಕೆಯಲ್ಲಿ ಗ್ರೇನ್ ಒರೆಸಿದ್ದಲ್ಲದೆ ಸಾಫ್ಟ್‌ವೇರಿನಿಂದ ಚೂಪು ಮಾಡಿದ್ದಾರೆ, ಕೂದಲು ತಂತಿಯಂತೆ ನಿಲ್ಲುವುದು ಅದಕ್ಕೇ. ಅಲ್ಲಿ ಹಳೆಯ ಬ್ಲೂ-ರೇಯೇ ವಾಸಿ.

ಅಮೆರಿಕದಿಂದ ಯಾರಾದರೂ ತರುವವರಿದ್ದರೆ 4ಕೆ ಡಿಸ್ಕನ್ನೇ ಹೇಳಿ, ಅದಕ್ಕೆ ರೀಜನ್ ಲಾಕ್, ಅಂದರೆ ಒಂದು ಪ್ರದೇಶದ ಪ್ಲೇಯರಿನಲ್ಲಷ್ಟೇ ಓಡುವ ಕಟ್ಟು, ಇಲ್ಲ. ಬ್ಲೂ-ರೇಗೆ ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ; ಲಾಕ್ ಆಗಿದ್ದರೆ ಇಲ್ಲಿಯ ಪ್ಲೇಯರಿನಲ್ಲಿ ಓಡದು. 4ಕೆ ಬೇಡ ಅನ್ನುವವರು ಸೆಕೆಂಡ್ ಹ್ಯಾಂಡ್‌ನಲ್ಲಿ 2008ರದ್ದನ್ನು ಹುಡುಕಬಹುದು. ಡಬ್ಬಿಯ ಮೇಲೆ ‘ಅಲ್ಟಿಮೇಟ್ ಹಂಟರ್’ ಎಂದಿಲ್ಲದೆ, ಹಿಂಬದಿಯಲ್ಲಿ ಎಂಪೆಗ್-2 ಎಂದಿದ್ದರೆ ಅದೇ. ಅದರಲ್ಲಿ ಟ್ರೇಲರ್ ಬಿಟ್ಟರೆ ಹೆಚ್ಚೇನೂ ಇಲ್ಲ. ನಿರ್ದೇಶಕರ ಕಾಮೆಂಟರಿ, ಸಾಕ್ಷ್ಯಚಿತ್ರ ಬೇಕೆಂದರೆ 2010ರದ್ದನ್ನು ಅಗ್ಗಕ್ಕೆ ಸಿಕ್ಕಾಗ ತೆಗೆದಿಟ್ಟುಕೊಳ್ಳಿ, ಸಿನಿಮಾ ಮಾತ್ರ ಅದರಲ್ಲಿ ನೋಡಬೇಡಿ.