ಎಚ್ಚರಿಕೆ: ಮರದ ಹೆಸರು ಕೇಳಿ ಮದುವೆ ಉಂಗುರ ಕೊಳ್ಳಬೇಡಿ

ಮದುವೆಗೆಂದು ಆನ್‌ಲೈನ್‌ನಲ್ಲಿ ತರಿಸಿದ ಒಂದು ಜೊತೆ ಬೀಟೆ ಮರದ ಉಂಗುರಗಳು ಕೆಲವೇ ವಾರಗಳಲ್ಲಿ ಹಾಳಾದ ಬಗೆ ಇದು. ಮಾರಿದವರ ಹೆಸರು ಬೇಡ. ಇದೇ ಥರದ ಉಂಗುರವನ್ನು ಇದೇ ಮಾತುಗಳಲ್ಲಿ ಮಾರುವವರು ಬಹಳ ಮಂದಿ ಇದ್ದಾರೆ, ಒಬ್ಬರನ್ನು ತಪ್ಪಿಸಿಕೊಂಡರೆ ಇನ್ನೊಬ್ಬರ ಕೈಗೆ ಸಿಗುತ್ತೀರಿ. ಕಲಿಯಬೇಕಾದ್ದು ಉಂಗುರವನ್ನು ನೋಡುವ ಬಗೆ.

ಜಾಹೀರಾತಿನಲ್ಲಿ ಇದ್ದದ್ದು: ‘ಅಸಲಿ ಬೀಟೆ, ಕೈಯಲ್ಲೇ ಮಾಡಿದ್ದು, ವಾಟರ್‌ಪ್ರೂಫ್, ಜೀವಮಾನ ಬಾಳಿಕೆ’. ನಿಶ್ಚಿತಾರ್ಥದ ದಿನ ಉಂಗುರ ಚೆನ್ನಾಗಿಯೇ ಇತ್ತು. ಶ್ರಾವಣದಲ್ಲಿ ಮಂಗಳೂರಿನಲ್ಲಿ ಮದುವೆ. ಅರಿಶಿನ ಹಚ್ಚುವಾಗ ಬೆರಳಿನಿಂದ ತೆಗೆಯಲಿಲ್ಲ. ಮುಹೂರ್ತದಲ್ಲಿ ಧಾರೆಯ ನೀರು ಅದರ ಮೇಲೇ ಬಿತ್ತು. ಆಮೇಲೆ ಓಕುಳಿ ಪಾತ್ರೆಯಲ್ಲಿ ಉಂಗುರ ಹುಡುಕುವ ಶಾಸ್ತ್ರಕ್ಕೆ ಚಿನ್ನದ್ದರ ಬದಲು ಹುಡುಗಿಯ ಮರದ ಉಂಗುರವನ್ನೇ ಹಾಕಿದರು. ಅದು ಮುಳುಗದೆ ತೇಲಿತು, ನೆಂಟರಿಗೆಲ್ಲ ನಗು, ಹಾಗಾಗಿ ಮತ್ತೆ ಮತ್ತೆ ಹಾಕಿ ಆಡಿಸಿದರು. ಮಾರನೇ ದಿನ ನೋಡಿದರೆ ಉಂಗುರದ ಒಳಬದಿ ಮಂಜು ಕಟ್ಟಿದ ಹಾಗೆ ಬೆಳ್ಳಗಾಗಿತ್ತು, ಅಂಚಿನಲ್ಲಿ ಹೊಳಪಿನ ಪೊರೆ ಎದ್ದಿತ್ತು, ಅದರ ಕೆಳಗೆ ಅರಿಶಿನದ ಕಲೆ ಇಳಿದಿತ್ತು. ಹುಡುಗನ ಉಂಗುರ ನೀರಿನಿಂದ ಹೇಗೋ ಪಾರಾಯಿತು. ಆದರೆ ಕೆಲಸಕ್ಕೆಂದು ರಿಯಾದ್‌ಗೆ ಹಿಂತಿರುಗಿದ ಮೇಲೆ ಮೊದಲು ಬಿಗಿಯಾಯಿತು, ಆಮೇಲೆ ಎದುರುಬದುರಾಗಿ ಎರಡು ಕಡೆ ಸೀಳಿತು. ಮಾರಿದವರಿಂದ ಬಂದ ಉತ್ತರ: ‘ಮರ ಅಂದಮೇಲೆ ಹಾಗೇ, ನೀವು ಜೋಪಾನ ಮಾಡಿಲ್ಲ. ಆರ್ಡರ್ ಕೊಟ್ಟು ಮಾಡಿಸಿದ ವಸ್ತು ವಾಪಸಿಲ್ಲ.’

ಇದು ಸುಳ್ಳು. ಸರಿಯಾಗಿ ಮಾಡಿದ ಮರದ ಉಂಗುರ ವರ್ಷಗಟ್ಟಲೆ ಬಾಳುತ್ತದೆ. ಈ ಜೋಡಿ ಒಡೆದದ್ದು ಮಾಡಿದ ರೀತಿಯಿಂದ.

ಮರಕ್ಕೆ ಎಳೆ ಇದೆ, ಅಂದರೆ ಒಂದೇ ದಿಕ್ಕಿಗೆ ಸಾಗುವ ನಾರು. ಎಳೆಯ ಉದ್ದಕ್ಕೆ ಎಳೆದರೆ ಮರ ಜಗ್ಗುವುದಿಲ್ಲ, ಎಳೆಗೆ ಅಡ್ಡಲಾಗಿ ಎಳೆದರೆ ಸುಲಭವಾಗಿ ಸೀಳುತ್ತದೆ. ಸೌದೆ ಒಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಈ ಉಂಗುರಗಳನ್ನು ಚಪ್ಪಟೆ ಹಲಗೆಯಲ್ಲಿ ತೂತು ಕೊರೆದು ಸುತ್ತ ಕತ್ತರಿಸಿ ತೆಗೆದಿದ್ದರು. ಹಾಗೆ ತೆಗೆದ ಉಂಗುರದಲ್ಲಿ ಎಳೆ ಒಂದೇ ದಿಕ್ಕಿಗೆ ಓಡುತ್ತದೆ, ಉಂಗುರ ಮಾತ್ರ ದುಂಡಗೆ ತಿರುಗುತ್ತದೆ. ಆದ್ದರಿಂದ ಎರಡು ಜಾಗದಲ್ಲಿ ಎಳೆ ಉಂಗುರದ ಸುತ್ತಿನ ಜೊತೆ ಸಾಗಿ ಗಟ್ಟಿಯಾಗಿರುತ್ತದೆ, ಉಳಿದ ಎರಡು ಜಾಗದಲ್ಲಿ ಗೋಡೆಯನ್ನು ಅಡ್ಡ ಕತ್ತರಿಸುತ್ತದೆ. ಅಲ್ಲಿ 2.5 ಮಿ.ಮೀ. ದಪ್ಪದ ಗೋಡೆಯನ್ನು ಹಿಡಿದಿರುವುದು ಎಳೆಗಳ ನಡುವಿನ ಅಂಟು ಮಾತ್ರ. ಸೀಳು ಎದುರುಬದುರಾಗಿ ಬಂದದ್ದು ಇದಕ್ಕೇ. ಕೊಂಬೆಯನ್ನು ಅಡ್ಡಕ್ಕೆ ಬಿಲ್ಲೆ ಕೊಯ್ದು ನಡುವೆ ತೂತು ಮಾಡಿದರೆ ಇನ್ನೂ ಕೆಟ್ಟದ್ದು, ಆಗ ಸುತ್ತಲೂ ಎಲ್ಲಿ ಬೇಕಾದರೂ ಸೀಳಬಹುದು. ಚನ್ನಪಟ್ಟಣದ ಆಲೆ ಮರದ ಬಳೆಗಳು ಲೇತ್‌ನಲ್ಲಿ ಕಡೆದರೂ ಬಾಳುತ್ತವಲ್ಲ ಎಂದು ಕೇಳಬಹುದು. ಅವುಗಳ ಗೋಡೆ ದಪ್ಪ, ಕೈಯಲ್ಲಿ ಸಡಿಲವಾಗಿ ಆಡುತ್ತವೆ. ಬೆರಳಿಗೆ ಕಚ್ಚಿ ಕೂರುವ ತೆಳು ಉಂಗುರಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ರಿಯಾದ್‌ನಲ್ಲಿ ಆದದ್ದನ್ನೂ ಲೆಕ್ಕ ಹಾಕಬಹುದು. ಗಾಳಿಯ ತೇವಕ್ಕೆ ತಕ್ಕಂತೆ ಮರ ನೀರು ಹೀರುತ್ತದೆ, ಬಿಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮರದ ತೇವಾಂಶ ಶೇ. 16ಕ್ಕೂ ಏರುತ್ತದೆ, ಒಣ ಊರಿನ ಎ.ಸಿ. ಕೋಣೆಯಲ್ಲಿ ಶೇ. 6ರ ಹತ್ತಿರ ಇಳಿಯುತ್ತದೆ. ಬೀಟೆಯಂಥ ಮರ ಎಳೆಗೆ ಅಡ್ಡಲಾಗಿ, ತೇವಾಂಶ ಶೇ. 1 ಇಳಿದರೆ ಹೆಚ್ಚೆಂದರೆ ಶೇ. 0.2ರಷ್ಟು ಕುಗ್ಗುತ್ತದೆ. ಹತ್ತು ಅಂಶ ಇಳಿದರೆ 20 ಮಿ.ಮೀ. ಅಡ್ಡಳತೆಗೆ 0.4 ಮಿ.ಮೀ. ಎಳೆಯ ಉದ್ದಕ್ಕೆ ಮಾತ್ರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ದುಂಡು ಉಂಗುರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಳಗಿರುವ ಬೆರಳು ಕುಗ್ಗಲು ಬಿಡುವುದಿಲ್ಲ. ಎಳೆತವೆಲ್ಲ ಬೀಳುವುದು ಆ ಎರಡು ದುರ್ಬಲ ಜಾಗಗಳ ಮೇಲೇ.

ಸರಿಯಾದ ವಿಧಾನವೆಂದರೆ ಮರವನ್ನು ಬಾಗಿಸಿ ಸುತ್ತುವುದು. ಸುಮಾರು 0.6 ಮಿ.ಮೀ. ದಪ್ಪದ ವೆನೀರ್ (ಮರದ ತೆಳು ಹಾಳೆ) ಪಟ್ಟಿಯನ್ನು ಎಳೆಯ ಉದ್ದಕ್ಕೆ ಕತ್ತರಿಸುತ್ತಾರೆ. 18 ಮಿ.ಮೀ. ಒಳವ್ಯಾಸದ ಉಂಗುರಕ್ಕೆ ನಾಲ್ಕು ಸುತ್ತು ಬೇಕಾದರೆ 26 ಸೆಂ.ಮೀ. ಪಟ್ಟಿ ಬೇಕು. ಎರಡೂ ತುದಿಗಳನ್ನು ಕಾಗದದಷ್ಟು ತೆಳುವಾಗುವ ತನಕ ಉಜ್ಜಿ, ಕುದಿನೀರಲ್ಲಿ ಹತ್ತು ಹದಿನೈದು ನಿಮಿಷ ಬೇಯಿಸಿ, ದುಂಡು ಕೋಲಿಗೆ ಸುತ್ತಿ, ಕಟ್ಟಿ, ಕಡಿಮೆಯೆಂದರೆ ಒಂದು ದಿನ ಒಣಗಿಸುತ್ತಾರೆ. ಆಮೇಲೆ ಬಿಚ್ಚಿ, ಸುತ್ತಿನ ನಡುವೆ ತೆಳು ಸೂಪರ್ ಗ್ಲೂ ಹಾಕುತ್ತ ಬಿಗಿಯಾಗಿ ಮತ್ತೆ ಸುತ್ತುತ್ತಾರೆ. ಹೀಗೆ ಮಾಡಿದಾಗ ಎಳೆ ಉಂಗುರದ ಸುತ್ತಲೂ ಓಡುತ್ತದೆ, ದುರ್ಬಲ ಜಾಗ ಅಂತ ಒಂದು ಇರುವುದಿಲ್ಲ, ಹವೆ ಬದಲಾದರೂ ಅಳತೆ ಬದಲಾಗುವುದು ಅತ್ಯಲ್ಪ.

ಇದರಲ್ಲೂ ಅವಸರ ಮಾಡುವವರಿದ್ದಾರೆ. ಪಟ್ಟಿ ಪೂರ್ತಿ ಒಣಗುವ ಮೊದಲೇ ಅಂಟು ಹಾಕಿದರೆ ಒಳಗಿನ ತೇವಕ್ಕೆ ಅಂಟು ಬೆಳ್ಳಗಾಗಿ ಸಡಿಲವಾಗುತ್ತದೆ. ಬೀಟೆ, ತೇಗ ಎರಡೂ ಎಣ್ಣೆಯಂಶದ ಮರಗಳು. ಅಂಟು ಹಾಕುವ ಮುನ್ನ ಎಣ್ಣೆ ಕರಗಿಸುವ ಅಸಿಟೋನ್‌ನಿಂದ ಒರೆಸದಿದ್ದರೆ ಪದರಗಳು ಆಗ ಹಿಡಿದಂತೆ ಕಂಡರೂ ತಿಂಗಳುಗಳಲ್ಲಿ ಬಿಡುತ್ತವೆ. ಒಳಸುತ್ತಿನ ತುದಿಯನ್ನು ತೆಳು ಮಾಡದೆ ಬಿಟ್ಟಿದ್ದರೆ ಅಲ್ಲೊಂದು ಮೆಟ್ಟಿಲು ಉಳಿದು, ಪ್ರತಿ ಸಲ ಉಂಗುರ ತೆಗೆದು ಹಾಕುವಾಗ ಬೆರಳಿಗೆ ಸಿಕ್ಕಿ ಏಳುತ್ತದೆ.

ಆದ್ದರಿಂದ ‘ಯಾವ ಮರ?’ ಎಂಬುದು ಎರಡನೇ ಪ್ರಶ್ನೆ. ಮೊದಲು ಉಂಗುರದ ಅಂಚಿನ ಫೋಟೋ ಕೇಳಿ, ಹತ್ತಿರದಿಂದ, ಬಿಸಿಲಿನಲ್ಲಿ ತೆಗೆದದ್ದು. ಬಾಗಿಸಿ ಸುತ್ತಿದ ಉಂಗುರದ ಅಂಚಿನಲ್ಲಿ ಸುರುಳಿಯ ಗೆರೆಗಳು ಕಾಣುತ್ತವೆ, ಮೂರೋ ನಾಲ್ಕೋ ಎಂದು ಎಣಿಸಬಹುದು. ಹಲಗೆಯಿಂದ ಕೊರೆದದ್ದರಲ್ಲಿ ಗೆರೆಗಳು ನೇರವಾಗಿ ಒಂದೇ ಕಡೆಗೆ ಓಡುತ್ತವೆ. ಎಳೆಯನ್ನು ಒಂದಕ್ಕೊಂದು ಅಡ್ಡಲಾಗಿಟ್ಟು ಮೂರು ಹಲಗೆ ಅಂಟಿಸಿ ಕೊರೆದ ಉಂಗುರಗಳೂ ಇವೆ. ಅವು ಒಂಟಿ ಹಲಗೆಯದಕ್ಕಿಂತ ವಾಸಿ, ಆದರೆ ದಪ್ಪ 3 ಮಿ.ಮೀ. ಆದರೂ ಇರಬೇಕು. ಅಂಚಿನ ಫೋಟೋ ಕಳಿಸಲು ಒಪ್ಪದವರಿಂದ ಕೊಳ್ಳಲೇಬೇಡಿ, ಬೆಲೆ ಎಷ್ಟೇ ಕಡಿಮೆ ಇದ್ದರೂ.

ಇನ್ನು ‘ವಾಟರ್‌ಪ್ರೂಫ್’. ಮರದ ಉಂಗುರಕ್ಕೆ ಸಾಮಾನ್ಯವಾಗಿ ಹಾಕುವ ಗಾಜಿನಂಥ ಹೊಳಪು ಸೂಪರ್ ಗ್ಲೂನದ್ದೇ. ತೆಳುವಾಗಿ ಹತ್ತು ಹನ್ನೆರಡು ಸಲ ಹಚ್ಚಿ, ಪ್ರತಿ ಸಲವೂ ಆರಲು ಬಿಟ್ಟು, ಕೊನೆಗೆ 400ರಿಂದ ಶುರುಮಾಡಿ 600, 800, 1000, 2000 ನಂಬರಿನ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ ಪಾಲಿಶ್ ಮಾಡುತ್ತಾರೆ. ಇದನ್ನು ಒಳಗೆ, ಹೊರಗೆ, ಎರಡೂ ಅಂಚಿಗೆ ಸಮನಾಗಿ ಮಾಡಿದರೆ ಕೈ ತೊಳೆಯುವ ನೀರು, ಮಳೆ, ಧಾರೆ ಯಾವುದಕ್ಕೂ ಹೆದರಬೇಕಿಲ್ಲ. ಆದರೆ ಫೋಟೋದಲ್ಲಿ ಕಾಣುವುದು ಹೊರಬದಿ ಮಾತ್ರ, ಹಾಗಾಗಿ ಹೊರಬದಿಗಷ್ಟೇ ಹತ್ತು ಲೇಪ ಹಾಕಿ ಒಳಗೆ ಒಂದು ಸಲ ಸವರಿ ಬಿಡುವವರು ಹೆಚ್ಚು. ಉಜ್ಜುವಾಗ ಮೊದಲು ಸವೆಯುವುದು ಅಂಚು, ಅಲ್ಲಿ ಬರಿ ಮರ ಹೊರಬಂದರೂ ಕಣ್ಣಿಗೆ ಬೀಳುವುದಿಲ್ಲ. ನೀರು ಆ ದಾರಿಯಲ್ಲಿ ಒಳಹೊಕ್ಕು ಮರ ಉಬ್ಬುತ್ತದೆ. ಗಡುಸಾದ ಪೊರೆ ಅದರ ಜೊತೆ ಹಿಗ್ಗಲಾರದೆ ಬಿರುಕು ಬಿಟ್ಟು ಏಳುತ್ತದೆ. ಓಕುಳಿ ಪಾತ್ರೆಯಲ್ಲಿ ಆದದ್ದು ಇದೇ, ಜೊತೆಗೆ ಓಕುಳಿಯ ಅರಿಶಿನವೂ ಸುಣ್ಣವೂ ಒಳಗಿಳಿದವು. ಅರಿಶಿನದ ಹಳದಿ ಬಿಸಿಲಿಗೆ ಸ್ವಲ್ಪ ಮಾಸುತ್ತದೆ. ಟ್ಯಾನಿನ್ ಎಂಬ ಒಗರಿನ ಅಂಶ ಇರುವ ಮರ ಸುಣ್ಣದ ಕ್ಷಾರಕ್ಕೆ ಕಪ್ಪಾದರೆ ಮಾತ್ರ ಅದು ಉಜ್ಜಿ ತೆಗೆಯದೆ ಹೋಗುವುದಿಲ್ಲ.

ಉಂಗುರ ಕೈಗೆ ಬಂದ ದಿನವೇ ಒಳಬದಿಯಲ್ಲೂ ಅಂಚಿನಲ್ಲೂ ಒಂದೊಂದು ಹನಿ ನೀರಿಟ್ಟು ಐದು ನಿಮಿಷ ಬಿಡಿ. ಹನಿ ಮಣಿಯ ಆಕಾರದಲ್ಲೇ ನಿಂತು, ಒರೆಸಿದ ಮೇಲೆ ಗುರುತು ಉಳಿಯದಿದ್ದರೆ ಲೇಪ ಸರಿ ಇದೆ. ಮರ ಕಪ್ಪಾಗಿ ಕಂಡರೆ ಅಥವಾ ನೀರು ಹರಡಿದರೆ ವಾಪಸ್ ಕಳಿಸಿ. ಆಮೇಲೆ ಸ್ಯಾನಿಟೈಸರ್ ಅದ್ದಿದ ಬಿಳಿ ಬಟ್ಟೆಯ ಚೂರಿನಿಂದ ಒಳಗೆ ಮೆಲ್ಲಗೆ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತಿದರೆ ಮರಕ್ಕೆ ಬಣ್ಣ ಹಾಕಿ ಬೀಟೆ ಮಾಡಿರುವ ಶಂಕೆ ಇದೆ. ಅಸಲಿ ಬೀಟೆಯ ಬಣ್ಣವೂ ಬರಿ ಮರವಾದರೆ ಸ್ವಲ್ಪ ಬಿಡಬಹುದು, ಆದರೆ ಲೇಪ ಸರಿಯಿದ್ದರೆ ಏನೂ ಬಿಡಬಾರದು. ಎರಡರಲ್ಲಿ ಯಾವುದಾದರೂ ದೋಷವೇ. ಅರಗಿನ ಹೊಳಪಿನ ಉಂಗುರಕ್ಕೆ ಈ ಪರೀಕ್ಷೆ ಮಾಡಬೇಡಿ, ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಅಂಥ ಉಂಗುರ ಹಾಕಿಕೊಂಡು ದಿನವೂ ಸ್ಯಾನಿಟೈಸರ್ ಬಳಸುವವರಿಗೂ ಇದೇ ಮಾತು.

ಸೂಪರ್ ಗ್ಲೂ ಲೇಪಕ್ಕೆ ನಿಜವಾದ ಶತ್ರು ಅಸಿಟೋನ್, ಅಂದರೆ ಬಹುಪಾಲು ನೇಲ್ ಪಾಲಿಶ್ ರಿಮೂವರ್‌ಗಳು. ಮದುವೆ ಮನೆಯಲ್ಲಿ ಉಗುರುಬಣ್ಣ ತೆಗೆದು ಹಚ್ಚುವುದು ನಡೆದೇ ಇರುತ್ತದೆ, ಒಂದು ಹನಿ ಬಿದ್ದರೂ ಹೊಳಪು ಕರಗಿ ಮೆತ್ತಗಾಗುತ್ತದೆ. ಇದನ್ನು ಮಾರುವವರು ಚೀಟಿಯಲ್ಲಿ ಬರೆದು ಕೊಡಬೇಕು. ಕೊಡುವವರು ಕಡಿಮೆ.

ಒಳಗೆ ಲೇಪವಿಲ್ಲದೆ ‘ನೈಸರ್ಗಿಕ ಎಣ್ಣೆ ಫಿನಿಶ್’ ಎಂದು ಮಾರುವ ಬೀಟೆ ಉಂಗುರಗಳ ಬಗ್ಗೆ ಬೇರೆಯೇ ಎಚ್ಚರಿಕೆ ಬೇಕು. ಬೀಟೆಯ ಜಾತಿಯ ಮರಗಳಲ್ಲಿರುವ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಬೆವರಿನ ಬೆರಳಿಗೆ ಬರಿ ಬೀಟೆ ದಿನವಿಡೀ ತಗುಲಿದರೆ ತುರಿಕೆ, ಕೆಂಪು ಪಟ್ಟಿ ಬರಬಹುದು. ಹಾಗಾದರೆ ಉಂಗುರ ಕೂಡಲೇ ತೆಗೆಯಿರಿ.

ಶ್ರೀಗಂಧದ ಉಂಗುರ ಎಂದರೆ ಕನ್ನಡಿಗರು ಕರಗುತ್ತಾರೆ, ಮೋಸವೂ ಇಲ್ಲೇ ಜಾಸ್ತಿ. ಗಂಧದ ಪರಿಮಳ ಇರುವುದು ಮರದ ಒಳಗಿನ ಚೇಗಿನಲ್ಲಿ, ಹೊರಗಿನ ಬಿಳಿ ಮರಕ್ಕೆ ವಾಸನೆ ಇಲ್ಲ. ಗಾಜಿನಂಥ ಪೊರೆ ಹಾಕಿ ಮುಚ್ಚಿದ ಉಂಗುರದಿಂದ ಪರಿಮಳ ಹೊರಬರುವ ದಾರಿಯೇ ಇರುವುದಿಲ್ಲ. ಹೊಳೆಯುವ ಉಂಗುರ ಘಮಘಮಿಸುತ್ತಿದೆ ಎಂದರೆ ಮೇಲೆ ಸುಗಂಧದ ಎಣ್ಣೆ ಸವರಿದ್ದಾರೆ ಎಂದೇ ತಿಳಿಯಿರಿ. ಗಂಧ ಬೇಕೇ ಬೇಕೆಂದರೆ ಬಿಲ್ ಕೊಡುವ ಕಡೆ ಕೊಳ್ಳಿ. ದಿನವೂ ಹಾಕುವ ಉಂಗುರಕ್ಕೆ ಅದು ತಕ್ಕದ್ದಲ್ಲ ಎಂಬುದು ನಮ್ಮ ಅಭಿಪ್ರಾಯ.

ಅಳತೆಯಲ್ಲೂ ಜನ ಮೋಸಹೋಗುತ್ತಾರೆ. ಭಾರತದ ಉಂಗುರದ ನಂಬರೇ ಬೇರೆ, ಅಮೆರಿಕದ್ದೇ ಬೇರೆ. ನಮ್ಮಲ್ಲಿ 14 ಎಂದರೆ ಒಳವ್ಯಾಸ 17 ಮಿ.ಮೀ. ಆಸುಪಾಸು, ಅಮೆರಿಕದ 14 ಎಂದರೆ 23 ಮಿ.ಮೀ. ನಂಬರ್ ಹೇಳಲೇಬೇಡಿ, ಒಳವ್ಯಾಸವನ್ನು ಮಿ.ಮೀ.ನಲ್ಲಿ ಬರೆದು ಕೊಡಿ. ಸರಿ ಕೂರುವ ಹಳೆಯ ಉಂಗುರವನ್ನು ಅಕ್ಕಸಾಲಿಗರ ಹತ್ತಿರ ವರ್ನಿಯರ್‌ನಲ್ಲಿ ಅಳೆಸಿದರೆ ಸಾಕು. ಮರದ ಉಂಗುರ 6ರಿಂದ 8 ಮಿ.ಮೀ. ಅಗಲ ಇರುವುದರಿಂದ ತೆಳು ಚಿನ್ನದ ಉಂಗುರಕ್ಕಿಂತ ಬಿಗಿಯೆನಿಸುತ್ತದೆ, 0.3–0.4 ಮಿ.ಮೀ. ಹೆಚ್ಚು ಇಡಿಸಿ. ಚಿನ್ನದಂತೆ ಬಡಿದು ಹಿಗ್ಗಿಸುವುದು ಇಲ್ಲಿ ಸಾಧ್ಯವಿಲ್ಲ. ಒಳಗೆ ಉಜ್ಜಿ 0.2 ಮಿ.ಮೀ. ಸಿಕ್ಕರೆ ಹೆಚ್ಚು, ಹಾಗೆ ಉಜ್ಜಿದ ಮೇಲೆ ಒಳಲೇಪವನ್ನು ಹೊಸದಾಗಿ ಹಾಕಲೇಬೇಕು. ಸಡಿಲವಾದರೆ ಒಳಗೆ ಇನ್ನಷ್ಟು ಲೇಪ ಹಚ್ಚಿ ಬಿಗಿ ಮಾಡಬಹುದು.

ಪಾತ್ರೆ ತೊಳೆಯುವ, ತೋಟದಲ್ಲಿ ಕೆಲಸ ಮಾಡುವ ಕೈಗೆ ಒಳಗೆ ಟೈಟಾನಿಯಂ ಅಥವಾ 316ಎಲ್ ಸ್ಟೀಲ್ ಪಟ್ಟಿ ಇರುವ ಉಂಗುರ ಒಳ್ಳೆಯದು. ಲೋಹದ ಎರಡೂ ಕಡೆ ಸಣ್ಣ ತಡೆಯಂಚು ಇದ್ದು ಮರ ನಡುವಿನ ಕಾಲುವೆಯಲ್ಲಿ ಕೂತಿರಬೇಕು, ಮರದ ಅಂಚು ಹೊರಗೆ ತೆರೆದಿರಬಾರದು. ಇಲ್ಲೂ ಮರ ಬಾಗಿಸಿ ಸುತ್ತಿದ್ದೇ ಆಗಿರಲಿ. ಕೊರೆದ ಮರವನ್ನು ಲೋಹಕ್ಕೆ ತೊಡಿಸಿದರೆ ಮರ ಕುಗ್ಗಿದಾಗ ಲೋಹ ಕುಗ್ಗದೆ ಸೀಳು ಖಚಿತ.

ಈಗಾಗಲೇ ಒಡೆದ ಉಂಗುರ ಕೈಯಲ್ಲಿದ್ದರೆ ಅದಕ್ಕೆ ಅಂಟು ಹಾಕಬೇಡಿ, ಆ ಸೀಳೇ ನಿಮ್ಮ ಸಾಕ್ಷಿ. ಸೀಳಿದ ಜಾಗ, ಅಂಚಿನ ಗೆರೆಗಳು, ಬೆಳ್ಳಗಾದ ಒಳಬದಿ ಎಲ್ಲದರ ಫೋಟೋ ತೆಗೆಯಿರಿ. ‘ವಾಟರ್‌ಪ್ರೂಫ್’ ಎಂದು ಬರೆದಿರುವ ಪುಟದ ಸ್ಕ್ರೀನ್‌ಶಾಟ್ ಅವರು ಅಳಿಸುವ ಮೊದಲೇ ಇಟ್ಟುಕೊಳ್ಳಿ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ಮಾರಿದವರು ನಿರಾಕರಿಸುವಂತಿಲ್ಲ. ‘ಆರ್ಡರ್ ಕೊಟ್ಟು ಮಾಡಿಸಿದ್ದು’ ಎಂಬ ಮಾತು ದೋಷವನ್ನು ಮುಚ್ಚುವುದಿಲ್ಲ. ದೂರು ಬಂದ 48 ಗಂಟೆಯೊಳಗೆ ಅವರ ದೂರು ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ದೂರಿನಲ್ಲಿ ‘ಉಂಗುರ ಒಡೆಯಿತು’ ಎಂದಷ್ಟೇ ಬರೆಯದೆ, ಹಲಗೆಯಿಂದ ಕೊರೆದದ್ದು, ಒಳಬದಿಗೂ ಅಂಚಿಗೂ ಸರಿಯಾದ ಲೇಪವಿರಲಿಲ್ಲ, ಆದರೂ ವಾಟರ್‌ಪ್ರೂಫ್ ಎಂದು ಮಾರಿದ್ದಾರೆ ಎಂದು ಬಿಡಿಸಿ ಬರೆಯಿರಿ.