ಓಆರ್‌ಎಸ್ ಪುಡಿಯ ಪೊಟ್ಟಣ: ಬಳಸಿ ನೋಡಿದ ಮೇಲೆ

ಒಂದು ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಮನೆಯಲ್ಲಿ ಅಮ್ಮನಿಗೆ ವಾಂತಿಭೇದಿಯಾಗಿ, ನಾಲಿಗೆ ಒಣಗಿ, ಕಣ್ಣು ಗುಳಿಬಿದ್ದಾಗ ವೈದ್ಯರು ‘ಡಿಹೈಡ್ರೇಷನ್ ಆಗಿದೆ’ ಎಂದು ಹೇಳಿ ಓಆರ್‌ಎಸ್ ಪುಡಿಯನ್ನು, ಅಂದರೆ ನೀರಿಗೆ ಕಲಸಿ ಕುಡಿಸುವ ಸಕ್ಕರೆ-ಲವಣಗಳ ಮಿಶ್ರಣವನ್ನು, ಬರೆದುಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ತಪ್ಪದೆ ಇರುವ ಈ ಪುಡಿಯ ಬಗ್ಗೆ ಬರೆಯಹೊರಟರೆ, ಮೊದಲು ವೈದ್ಯರು ಹೇಳಿದ ‘ಡಿಹೈಡ್ರೇಷನ್’ ಎಂಬ ಪದದ ಬಗ್ಗೆಯೇ ಒಂದು ಮಾತು ಹೇಳಬೇಕಾಗುತ್ತದೆ.

ಪತ್ರಿಕೆಗಳು ಇದನ್ನು ‘ನಿರ್ಜಲೀಕರಣ’ ಎಂದು ಬರೆಯುತ್ತವೆ. ಪದದ ಕೊನೆಯಲ್ಲಿರುವ ‘ಕರಣ’ವು ಯಾರೋ ಉದ್ದೇಶಪೂರ್ವಕವಾಗಿ ನೀರನ್ನು ತೆಗೆಯುವ ಕ್ರಿಯೆಯನ್ನು ಸೂಚಿಸುವುದರಿಂದ, ವಿಜಯಪುರದಲ್ಲಿ ದ್ರಾಕ್ಷಿಯನ್ನು ಒಣಗಿಸಿ ಒಣದ್ರಾಕ್ಷಿ ಮಾಡುವ ಕೆಲಸಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ, ರೋಗಿಯ ದೇಹಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಪದದಲ್ಲಿ ಜಲವಿದೆ, ಉಪ್ಪಿಲ್ಲ. ಭೇದಿಯಲ್ಲಿ ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂಗಳೂ ಹೊರಹೋಗುತ್ತವೆ. ನಾವೂ ಆ ದಿನ ಪದವನ್ನೇ ನಂಬಿ ಅಮ್ಮನಿಗೆ ಬೆಳಗಿನಿಂದ ಬರೀ ನೀರನ್ನೇ ಕುಡಿಸುತ್ತಿದ್ದೆವು.

ಈ ಪೊಟ್ಟಣದ ಗುಣವಿರುವುದು ಅದರ ಅಳತೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಮತ್ತು 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರಬೇಕು. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದರ ಕೈ ಹಿಡಿದು ಇನ್ನೊಂದು ಒಳಹೋಗುತ್ತವೆ, ನೀರು ಅವುಗಳ ಹಿಂದೆಯೇ ಸಾಗುತ್ತದೆ. ಆದ್ದರಿಂದ ಇಲ್ಲಿ ಸಕ್ಕರೆ ರುಚಿಗಾಗಿ ಹಾಕಿದ್ದಲ್ಲ, ಮತ್ತು ಅದು ಹೆಚ್ಚಾದರೆ ಕರುಳು ತಾನೇ ನೀರನ್ನು ಬಿಟ್ಟುಕೊಟ್ಟು ಭೇದಿ ಜೋರಾಗುತ್ತದೆ. 1971ರ ಬಾಂಗ್ಲಾ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಇಂತಹದೇ ದ್ರಾವಣವನ್ನು ಬಾಯಿಯ ಮೂಲಕ ಕೊಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು.

ದೂರುಗಳೂ ಇವೆ. ನಾವು ಕೊಂಡ ಪೊಟ್ಟಣದ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಪೂರ್ತಿ ಒಂದು ಲೀಟರ್ ನೀರಿಗೆ ಒಮ್ಮೆಗೇ ಕಲಸಬೇಕೆಂಬ ಅತಿಮುಖ್ಯ ಸೂಚನೆಯೂ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅಡಗಿತ್ತು. ನಾನು ಮೊದಲ ಸಲ ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟದ ನೀರಿಗೆ ಸುರಿದಿದ್ದೆ, ಅದು ತಪ್ಪು; ನೀರು ಕಡಿಮೆಯಾದರೆ ಉಪ್ಪು ಅತಿಯಾಗಿ, ವಿಶೇಷವಾಗಿ ಮಕ್ಕಳಿಗೆ, ಅಪಾಯವಾಗಬಹುದು. ಒಬ್ಬರೇ ಇರುವ ಮನೆಗೆ 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೇ ಅನುಕೂಲ. ಕಿತ್ತಳೆಯ ಪರಿಮಳವಿರುವ ಪುಡಿಯನ್ನು ಅಮ್ಮ ತಕರಾರಿಲ್ಲದೆ ಕುಡಿದರು, ಸಾದಾ ಪುಡಿಯ ಉಪ್ಪುಸಪ್ಪೆ ರುಚಿಯನ್ನು ಒಪ್ಪಲಿಲ್ಲ.

ಇನ್ನೊಂದು ಸಂಗತಿ: ಅದೇ ದಿನ ಔಷಧಿ ಅಂಗಡಿಯೊಂದರಲ್ಲಿ ಓಆರ್‌ಎಸ್ ಕೇಳಿದರೆ, ಹೆಸರಿನಲ್ಲಿ ಆ ಮೂರಕ್ಷರವಿದ್ದ ಸಿಹಿಪಾನೀಯದ ಡಬ್ಬಿಯನ್ನು ಕೊಟ್ಟಿದ್ದರು, ನಾವೂ ನೋಡದೆ ತಂದಿದ್ದೆವು. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇಂತಹ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆದೇಶಿಸಿದಾಗ ನನಗೆ ನಿಜವಾಗಿಯೂ ಸಮಾಧಾನವಾಯಿತು.

ಈಗ ನಮ್ಮ ಅಡುಗೆಮನೆಯಲ್ಲಿ ಒಂದು ಲೀಟರಿನ ಗೆರೆ ಹಾಕಿದ ಬಾಟಲಿಯೊಂದು ಇದಕ್ಕೆಂದೇ ಇದೆ. ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ಗುಟುಕು ಗುಟುಕಾಗಿ ಕುಡಿಸಿ, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲುತ್ತೇವೆ.